ಎರಡನೆಯ ಸರದಿ

ಮಲಪ್ರಭೆಯ ದಂಡೆಯ ಹಳ್ಳಿಗಳಲ್ಲಿ ಜಾತ್ರೆಯೆಂಬುದು ತೇರು ಎಳೆದ ಮಾತ್ರಕ್ಕೆ ಮುಗಿಯುವುದಿಲ್ಲ. ಕುಸ್ತಿಗಳು ನಡೆದು, ಕೊನೆಯ ನಿಕಾಲಿ ಕುಸ್ತಿಯಲ್ಲಿ ಒಬ್ಬ ಪೈಲವಾನನ ಬೆನ್ನು ಮಣ್ಣಿಗೆ ತಾಗಿ, ಹಲಗೆಯ ಸದ್ದು ಮುಗಿಲಿಗೇರಿದ ಮೇಲೆಯೇ ಜನ ಮನೆಯ ಕಡೆಗೆ ಮುಖ ಮಾಡುವರು. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುವುದು ವಾಡಿಕೆ. ಆದರೆ ಸುರೇಬಾನದ ಕಡೆಗೋ ರಾಮದುರ್ಗ, ಸವದತ್ತಿಗಳ ಕಡೆಗೋ ಗುಂಪುಗುಂಪಾಗಿ ಮರಳುವ ಆ ಜನರ ಮಾತಿಗೆ ಕಿವಿಗೊಟ್ಟರೆ ಒಂದು ಸಂಗತಿ ತಿಳಿಯುತ್ತದೆ. ಎಂದೂ ಸೋಲದವನ ಮಾತು ಊರ ಅಗಸೆ ತಲುಪುವುದರೊಳಗೆ ಮುಗಿದುಹೋಗುತ್ತದೆ. ಹೋದ ವರ್ಷ ಅದೇ ಕಣದಲ್ಲಿ ಚಿತ್ತಾಗಿ, ತಲೆ ತಗ್ಗಿಸಿ ನಡೆದವನು ಈ ವರ್ಷ ಅದೇ ಮಣ್ಣನ್ನು ಹಣೆಗೆ ಒತ್ತಿಕೊಂಡು ಗೆದ್ದನೆಂದರೆ ಆ ಕತೆ ಮಾತ್ರ ಮುಂದಿನ ಜಾತ್ರೆಯವರೆಗೂ ಬಾಳುತ್ತದೆ.

ಇದು ಕುಸ್ತಿಯೊಂದರ ಮಾತಲ್ಲ. ಆಟವೆಂಬ ಆಟವೆಲ್ಲ ನೋಡುಗನನ್ನು ಹಿಡಿದು ನಿಲ್ಲಿಸುವುದು ಬಲದ ಪ್ರದರ್ಶನದಿಂದ ಅಷ್ಟಾಗಿ ಅಲ್ಲ. ಬಿದ್ದವನು ಏಳುವನೋ ಇಲ್ಲವೋ ಎಂಬ ಕಾತರದಿಂದ. ಬಯಲಾಟದಲ್ಲಿ ಹರಿಶ್ಚಂದ್ರನಿಗೆ ರಾಜ್ಯ ಮರಳಿ ದೊರೆಯುವುದೆಂದು ನೋಡುವವನಿಗೆ ಮೊದಲೇ ಗೊತ್ತು. ಕವಿ ಹಾಗೆ ಬರೆದಿಟ್ಟಿದ್ದಾನೆ. ಆಟದ ಬಯಲಿನಲ್ಲಿ ಅಂಥ ಕವಿಯಿಲ್ಲ. ಅಲ್ಲಿ ಸೋತವನು ಸೋತೇ ಉಳಿಯಬಹುದು. ಹೆಚ್ಚಿನವರು ಹಾಗೆಯೇ ಉಳಿಯುತ್ತಾರೆ. ಆದ್ದರಿಂದಲೇ ಒಬ್ಬನು ಎದ್ದು ನಿಂತಾಗ ಅದು ಕಟ್ಟುಕತೆಗಿಂತ ಮಿಗಿಲಾದ ನಾಟಕವಾಗಿ ಪರಿಣಮಿಸುತ್ತದೆ.

ಸೋಲೇ ಗೆಲುವಿನ ಸೋಪಾನವೆಂಬ ಮಾತನ್ನು ನಾಡಿನ ಎಷ್ಟೋ ಶಾಲೆಗಳ ಗೋಡೆಯ ಮೇಲೆ ಬರೆಸಿದ್ದಾರೆ. ಮಾತು ಒಳ್ಳೆಯದೇ, ಆದರೆ ಅರ್ಧ ಸತ್ಯ. ಸೋಲು ತನ್ನಷ್ಟಕ್ಕೆ ತಾನು ಯಾವುದಕ್ಕೂ ಮೆಟ್ಟಿಲಲ್ಲ. ಅದು ಮೆಟ್ಟಿಲಾಗಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕು. ಸೋತವನು ಯಾರೂ ನೋಡದ ದಿನಗಳಲ್ಲಿಯೂ ತನ್ನ ಕೆಲಸವನ್ನು ಬಿಡದೆ ಮಾಡುತ್ತಿರಬೇಕು, ಇದು ಒಂದು. ಅವನಿಗಾಗಿ ಯಾರಾದರೊಬ್ಬರು ಬಾಗಿಲನ್ನು ಮುಚ್ಚದೆ ತೆರೆದಿಟ್ಟಿರಬೇಕು, ಇದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಹೊಗಳುತ್ತಾರೆ. ಎರಡನೆಯದನ್ನು ಬಹುಮಟ್ಟಿಗೆ ಮರೆಯುತ್ತಾರೆ. ಕ್ರೀಡೆಯ ದೊಡ್ಡ ಪುನರುತ್ಥಾನದ ಕತೆಗಳನ್ನು ಎಚ್ಚರದಿಂದ ನೋಡಿದರೆ ಈ ಬಾಗಿಲು ತೆರೆದಿಟ್ಟವರು ಎಲ್ಲಿಯಾದರೂ ಒಂದು ಮೂಲೆಯಲ್ಲಿ ಕಾಣಸಿಗುತ್ತಾರೆ. ಒಂದು ವಿದ್ಯಾಸಂಸ್ಥೆಗೆ ಆ ಕತೆಗಳಿಂದ ಪಾಠವೇನಾದರೂ ಇದ್ದರೆ ಅದು ಅವರಲ್ಲಿಯೇ ಇದೆ.

ಕನ್ನಡ ನಾಡಿನ ಕ್ರೀಡಾ ಇತಿಹಾಸವೇ ಇದಕ್ಕೆ ಬೇಕಾದಷ್ಟು ನಿದರ್ಶನಗಳನ್ನು ಒದಗಿಸುತ್ತದೆ. ಅವುಗಳಲ್ಲಿ ಅತಿ ಚಿಕ್ಕದು, ಒಂದೇ ಪಂದ್ಯದೊಳಗೆ ನಡೆದುಹೋದದ್ದು, ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ ಅವರದು. 1969ರ ನವೆಂಬರಿನಲ್ಲಿ ಕಾನಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಅವರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನಾಡಿದರು. ಇಪ್ಪತ್ತರ ಹರೆಯ, ಕುಳ್ಳನೆಯ ಮೈಕಟ್ಟು, ಎದುರಿಗೆ ಬಲಿಷ್ಠ ಎದುರಾಳಿ. ಮೊದಲ ಸರದಿಯಲ್ಲಿ ಗಳಿಸಿದ್ದು ಸೊನ್ನೆ. ಮೊದಲ ಪಂದ್ಯದ ಸೊನ್ನೆಯೇ ಕೊನೆಯ ಪಂದ್ಯದ ಸೊನ್ನೆಯೂ ಆದವರು ಕ್ರಿಕೆಟ್ಟಿನಲ್ಲಿ ಎಷ್ಟೋ ಮಂದಿ. ಆದರೆ ನಾಯಕ ಪಟೌಡಿ ಆ ಹುಡುಗನ ಬಳಿಗೆ ಹೋಗಿ ಚಿಂತಿಸಬೇಡವೆಂದು ಧೈರ್ಯ ತುಂಬಿದರು. ಇದನ್ನು ವಿಶ್ವನಾಥರೇ ಮುಂದೆ ಹಲವು ಸಲ ಕೃತಜ್ಞತೆಯಿಂದ ನೆನೆದಿದ್ದಾರೆ. ಎರಡನೆಯ ಸರದಿಯಲ್ಲಿ ಅದೇ ಹುಡುಗ 137 ರನ್ನುಗಳನ್ನು ಗಳಿಸಿದನು. ಮುಂದೆ ಅವರು ಬಾರಿಸಿದ ಟೆಸ್ಟ್ ಶತಕಗಳು ಒಟ್ಟು 14. ಅವರು ಶತಕ ಬಾರಿಸಿದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. ಸೊನ್ನೆಗೂ ನೂರಮೂವತ್ತೇಳಕ್ಕೂ ನಡುವೆ ಹುಡುಗನ ಪ್ರತಿಭೆಯಲ್ಲಿ ಏನೂ ವ್ಯತ್ಯಾಸವಾಗಿರಲಿಲ್ಲ. ನಡುವೆ ಬಂದದ್ದು ಒಬ್ಬ ಹಿರಿಯನ ನಾಲ್ಕು ಮಾತು.

ವಿಶ್ವನಾಥರ ಸಮಕಾಲೀನರೇ ಆದ ಮೈಸೂರಿನ ಬಿ. ಎಸ್. ಚಂದ್ರಶೇಖರ ಅವರು ಕಾಯಬೇಕಾದದ್ದು ದಿನಗಳನ್ನಲ್ಲ, ವರ್ಷಗಳನ್ನು. ಎಳವೆಯಲ್ಲಿ ಪೋಲಿಯೊ ತಗುಲಿ ಅವರ ಬಲಗೈ ಸೊರಗಿತ್ತು. ಚೆಂಡನ್ನು ದೂರದಿಂದ ಎಸೆಯಬೇಕಾದರೆ ಎಡಗೈಯನ್ನೇ ಬಳಸುತ್ತಿದ್ದ ಅವರು ಬೌಲಿಂಗ್ ಮಾಡುತ್ತಿದ್ದುದು ಮಾತ್ರ ಆ ಸೊರಗಿದ ಬಲಗೈಯಿಂದ. ಜಗತ್ತಿನ ದಾಂಡಿಗರನ್ನು ಕಂಗೆಡಿಸಿದ ವೇಗದ ತಿರುವು ಹುಟ್ಟಿದ್ದು ಆ ಕೈಯಲ್ಲಿಯೇ. 1964ರ ಆರಂಭದಲ್ಲಿ ಭಾರತ ತಂಡ ಸೇರಿದ ಅವರು 1967-68ರ ಆಸ್ಟ್ರೇಲಿಯ ಪ್ರವಾಸದಲ್ಲಿ ಗಾಯಗೊಂಡು ಹಿಂದಿರುಗಿದ ಮೇಲೆ ಮೂರು ವರ್ಷಕ್ಕೂ ಮಿಕ್ಕಿ ತಂಡದಿಂದ ಹೊರಗುಳಿದರು. 1971ರ ಮೊದಲ ಭಾಗದ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಅವರಿಗೆ ಕರೆ ಬರಲಿಲ್ಲ. ಪ್ರಸನ್ನ, ಬೇಡಿ, ವೆಂಕಟರಾಘವನ್‌ರಂಥವರು ಇರುವಾಗ ಚಂದ್ರಶೇಖರರ ಕಾಲ ಮುಗಿಯಿತೆಂದು ಹೇಳಿದ್ದರೆ ಅದನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ. ಅದೇ ವರ್ಷದ ಇಂಗ್ಲೆಂಡ್ ಪ್ರವಾಸಕ್ಕೆ ಆಯ್ಕೆಗಾರರು ಅವರನ್ನು ಮರಳಿ ಕರೆದರು. ಆಗಸ್ಟ್ 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ, ಎರಡನೆಯ ಸರದಿಯಲ್ಲಿ, ಅವರು 38 ರನ್ನುಗಳಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಉರುಳಿತು. ಇಂಗ್ಲೆಂಡಿನ ನೆಲದ ಮೇಲೆ ಭಾರತ ಗೆದ್ದ ಮೊದಲ ಟೆಸ್ಟ್ ಅದು. 58 ಟೆಸ್ಟುಗಳಲ್ಲಿ ಚಂದ್ರಶೇಖರರು ಪಡೆದ ವಿಕೆಟ್ಟುಗಳು 242. ಗಳಿಸಿದ ರನ್ನುಗಳು 167 ಮಾತ್ರ. ತನಗೆ ಬಾರದ್ದನ್ನು ಮುಚ್ಚಿಡದೆ ಬರುವ ಒಂದನ್ನೇ ಹಿಡಿದು ಸಾಧಿಸಿದವರ ಲೆಕ್ಕ ಹೀಗಿರುತ್ತದೆ.

ವ್ಯಕ್ತಿಗಳಿಗೆ ಇರುವಂತೆ ತಂಡಗಳಿಗೂ ಎರಡನೆಯ ಸರದಿ ಉಂಟು. 1960ರ ರೋಮ್ ಒಲಿಂಪಿಕ್ಸಿನ ಹಾಕಿ ಅಂತಿಮ ಪಂದ್ಯದಲ್ಲಿ ಭಾರತ ಪಾಕಿಸ್ತಾನಕ್ಕೆ ಒಂದು ಗೋಲಿನಿಂದ ಸೋತಿತು. 1928ರಿಂದ ಕೈಬಿಡದೆ ಇದ್ದ ಚಿನ್ನ ಅಂದು ಕೈತಪ್ಪಿತು. ಅಂದು ಗೋಲು ಕಾಯುತ್ತಿದ್ದ ಶಂಕರ ಲಕ್ಷ್ಮಣರನ್ನು ದೇಶ ಕೈಬಿಡಲಿಲ್ಲ. ಗಾಯದಿಂದಾಗಿ ಆ ಅಂತಿಮ ಪಂದ್ಯವನ್ನೇ ಆಡಲಾಗದ ಚರಣಜಿತ್ ಸಿಂಗ್ ಮುಂದೆ ನಾಯಕರಾದರು. 1964ರಲ್ಲಿ ಟೋಕಿಯೊದಲ್ಲಿ ಅದೇ ಎದುರಾಳಿಯನ್ನು ಅದೇ ಒಂದು ಗೋಲಿನ ಅಂತರದಿಂದ ಸೋಲಿಸಿ ಚಿನ್ನವನ್ನು ಮರಳಿ ತಂದ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರೂ ಇದ್ದರೆಂಬುದು ಈ ಜಿಲ್ಲೆಯ ಮಕ್ಕಳು ತಿಳಿದಿರಬೇಕಾದ ಸಂಗತಿ.

ರಣಜಿ ಟ್ರೋಫಿಯ ಕತೆ ಇನ್ನೂ ದೀರ್ಘವಾದುದು. ಮೈಸೂರು ತಂಡ 1941-42ರಲ್ಲಿ ಅಂತಿಮ ಪಂದ್ಯ ತಲುಪಿ ಮುಂಬಯಿಗೆ ಸೋತಿತು. 1959-60ರಲ್ಲಿ ಮತ್ತೆ ತಲುಪಿ ಮತ್ತೆ ಮುಂಬಯಿಗೇ ಸೋತಿತು. 1958-59ರಿಂದ 1972-73ರವರೆಗೆ ಹದಿನೈದು ವರ್ಷ ಆ ಪ್ರಶಸ್ತಿ ಮುಂಬಯಿಯ ಮನೆಯ ಸ್ವತ್ತಿನಂತಿತ್ತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಆ ಋತುವಿನ ಉಪಾಂತ್ಯ ಪಂದ್ಯದಲ್ಲಿಯೇ, ಬೆಂಗಳೂರಿನಲ್ಲಿ, ಪ್ರಸನ್ನ ಅವರ ನಾಯಕತ್ವದಲ್ಲಿ, ವಿಶ್ವನಾಥರ 162 ಮತ್ತು ಬ್ರಿಜೇಶ್ ಪಟೇಲರ 106 ರನ್ನುಗಳ ಬಲದಿಂದ ಕರ್ನಾಟಕ ಮೊದಲ ಸರದಿಯ ಮುನ್ನಡೆ ಸಾಧಿಸಿ ಮುಂಬಯಿಯನ್ನು ಹಿಂದಿಕ್ಕಿತು. ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು. ಮೈಸೂರು ಎಂಬ ಹೆಸರಿನಲ್ಲಿ ಸೋತವರ ಋಣವನ್ನು ಕರ್ನಾಟಕ ಎಂಬ ಹೆಸರಿನವರು ತೀರಿಸಿದರು. 1942ರಲ್ಲಿ ಸೋತವರು 1974ರಲ್ಲಿ ಬಯಲಿನಲ್ಲಿರಲಿಲ್ಲ. ಒಂದು ಸಂಸ್ಥೆಯ ಸೋಲನ್ನು ತೊಳೆಯಲು ಕೆಲವೊಮ್ಮೆ ಒಂದು ತಲೆಮಾರು ಸಾಲದು. ಮುಂದಿನವರು ಬರುವವರೆಗೆ ಆಟವನ್ನು ಜೀವಂತವಾಗಿ ಇಟ್ಟುಕೊಳ್ಳುವುದೇ ಹಿಂದಿನವರ ಪಾಲಿನ ಗೆಲುವು.

ಈ ಎಲ್ಲ ಕತೆಗಳ ಎಳೆಗಳೂ ಒಬ್ಬನೇ ವ್ಯಕ್ತಿಯ ಬಾಳಿನಲ್ಲಿ ಸೇರಿಕೊಂಡಿರುವುದನ್ನು ಕಾಣಬೇಕಾದರೆ ರಾಹುಲ್ ದ್ರಾವಿಡರ ಕಡೆಗೆ ನೋಡಬೇಕು. 1973ರಲ್ಲಿ ಜನಿಸಿ, ಬೆಂಗಳೂರಿನಲ್ಲಿ ಓದಿ ಬೆಳೆದ ಅವರು ಸೋಲಿಗೆ ಹೊಸಬರೇನೂ ಆಗಿರಲಿಲ್ಲ. ರನ್ ಗಳಿಕೆ ನಿಧಾನವೆಂಬ ಆಕ್ಷೇಪಣೆಗೆ ಗುರಿಯಾಗಿ ಒಮ್ಮೆ ಏಕದಿನ ತಂಡದಿಂದ ಹೊರಬಿದ್ದಿದ್ದರು. ಮರಳಿ ಬಂದು 1999ರ ವಿಶ್ವಕಪ್ಪಿನಲ್ಲಿ 461 ರನ್ ಗಳಿಸಿ ಎಲ್ಲ ದೇಶಗಳ ಆಟಗಾರರಿಗಿಂತ ಮುಂದೆ ನಿಂತರು. 2001ರ ಮಾರ್ಚಿನಲ್ಲಿ ಕೋಲ್ಕತದಲ್ಲಿ ಆಸ್ಟ್ರೇಲಿಯದ ವಿರುದ್ಧ ನಡೆದ ಟೆಸ್ಟಿನ ಎರಡನೆಯ ಸರದಿಯಲ್ಲಿ ಅವರ ಮೂರನೆಯ ಕ್ರಮಾಂಕವನ್ನು ವಿ. ವಿ. ಎಸ್. ಲಕ್ಷ್ಮಣರಿಗೆ ಕೊಟ್ಟು ಅವರನ್ನು ಆರನೆಯವರನ್ನಾಗಿ ಕೆಳಗಿಳಿಸಲಾಯಿತು. ಮೊದಲ ಸರದಿಯಲ್ಲಿ 274 ರನ್ ಹಿಂದೆ ಬಿದ್ದು, ಎದುರಾಳಿಯ ಆದೇಶದಂತೆ ಕೂಡಲೇ ಮತ್ತೆ ಆಡಬೇಕಾಗಿ ಬಂದ ಹೊತ್ತು ಅದು. ಸತತ ಹದಿನಾರು ಟೆಸ್ಟುಗಳನ್ನು ಗೆದ್ದು ಬಂದಿದ್ದ ಎದುರಾಳಿ. ಮಾರ್ಚ್ 14ರಂದು ಇಡೀ ದಿನ ಲಕ್ಷ್ಮಣರೂ ದ್ರಾವಿಡರೂ ಒಂದು ವಿಕೆಟ್ಟನ್ನೂ ಬೀಳಗೊಡದೆ ಆಡಿದರು. ಅವರ ಜೊತೆಯಾಟ 376 ರನ್ನುಗಳು. ಲಕ್ಷ್ಮಣರದು 281, ದ್ರಾವಿಡರದು 180. ಭಾರತ 171 ರನ್ನುಗಳಿಂದ ಗೆದ್ದಿತು. ಲೋಕ ಲಕ್ಷ್ಮಣರ 281ನ್ನು ಕೊಂಡಾಡಿತು, ಅದು ನ್ಯಾಯವೇ. ಆದರೆ ಕೆಳಗಿಳಿಸಲ್ಪಟ್ಟವನು ಮುನಿಸಿಕೊಳ್ಳದೆ, ತನ್ನ ಸ್ಥಾನ ಪಡೆದವನಿಗೇ ಇಡೀ ದಿನ ಆಸರೆಯಾಗಿ ನಿಂತನೆಂಬುದು ಅದಕ್ಕಿಂತ ಕಡಿಮೆಯ ಸಂಗತಿಯಲ್ಲ.

ದೊಡ್ಡ ಸೋಲು ಬಂದದ್ದು ಆಮೇಲೆ. 2007ರ ವಿಶ್ವಕಪ್ಪಿಗೆ ದ್ರಾವಿಡರು ಭಾರತದ ನಾಯಕರಾಗಿ ವೆಸ್ಟ್ ಇಂಡೀಸಿಗೆ ಹೋದರು. ಮಾರ್ಚ್ 17ರಂದು ಪೋರ್ಟ್ ಆಫ್ ಸ್ಪೇನಿನಲ್ಲಿ ಬಾಂಗ್ಲಾದೇಶ ಭಾರತವನ್ನು ಐದು ವಿಕೆಟ್ಟುಗಳಿಂದ ಸೋಲಿಸಿತು. ಮಾರ್ಚ್ 23ರಂದು ಶ್ರೀಲಂಕಾ 69 ರನ್ನುಗಳಿಂದ ಸೋಲಿಸಿತು. ಮೊದಲ ಸುತ್ತಿನಲ್ಲಿಯೇ ಭಾರತ ಮನೆಗೆ ಮರಳಿತು. ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬಂತೆ ಊರೂರುಗಳಲ್ಲಿ ಆಟಗಾರರ ಪ್ರತಿಕೃತಿಗಳು ಸುಟ್ಟವು. ರಾಂಚಿಯಲ್ಲಿ ಕಟ್ಟುತ್ತಿದ್ದ ಧೋನಿಯ ಮನೆಯ ಮೇಲೆ ಜನ ಏರಿಹೋದರು. ದ್ರಾವಿಡರು ಅದೇ ವರ್ಷ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿ ಗೆದ್ದು, ಸೆಪ್ಟೆಂಬರಿನಲ್ಲಿ ನಾಯಕತ್ವವನ್ನು ತಾವಾಗಿಯೇ ಬಿಟ್ಟುಕೊಟ್ಟರು. 2011ರಲ್ಲಿ ಧೋನಿಯ ನಾಯಕತ್ವದಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಅವರು ಆ ತಂಡದಲ್ಲಿರಲಿಲ್ಲ. 2012ರಲ್ಲಿ ಅವರು ಟೆಸ್ಟ್ ಆಟದಿಂದ ನಿವೃತ್ತರಾದಾಗ ಅವರ ಹೆಸರಿನಲ್ಲಿ 164 ಟೆಸ್ಟುಗಳು, 13,288 ರನ್ನುಗಳು, 36 ಶತಕಗಳು ಇದ್ದವು. ವಿಶ್ವಕಪ್ ಮಾತ್ರ ಇರಲಿಲ್ಲ. ಆಟಗಾರನಾಗಿ ಅವರ ಲೆಕ್ಕ ಅಲ್ಲಿಗೆ ಮುಗಿದಿತ್ತು.

ಮುಂದಿನ ವರ್ಷಗಳೇ ಈ ಕತೆಯ ತಿರುಳು, ಮತ್ತು ಅವನ್ನೇ ಜನ ಬೇಗ ದಾಟಿಹೋಗುತ್ತಾರೆ. ದ್ರಾವಿಡರು ಹಿರಿಯರ ತಂಡದ ಬೆಳಕನ್ನು ಬಿಟ್ಟು ಹತ್ತೊಂಬತ್ತು ವರ್ಷದೊಳಗಿನ ಹುಡುಗರ ತಂಡಕ್ಕೆ ತರಬೇತುದಾರರಾದರು. 2016ರಲ್ಲಿ ಆ ಹುಡುಗರು ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಸೋತರು. 2018ರಲ್ಲಿ ನ್ಯೂಜಿಲೆಂಡಿನಲ್ಲಿ ಗೆದ್ದರು. ಆ ಗೆಲುವಿಗಾಗಿ ಕ್ರಿಕೆಟ್ ಮಂಡಳಿ ತರಬೇತುದಾರರಿಗೆ 50 ಲಕ್ಷ ರೂಪಾಯಿಗಳನ್ನೂ ಅವರ ಸಹಾಯಕರಿಗೆ ತಲಾ 20 ಲಕ್ಷವನ್ನೂ ಘೋಷಿಸಿದಾಗ, ದುಡಿಮೆ ಸಮನಾದದ್ದು, ಫಲವೂ ಸಮನಾಗಿರಬೇಕೆಂಬುದು ದ್ರಾವಿಡರ ನಿಲುವಾಗಿತ್ತು. ಮಂಡಳಿ ಅದನ್ನು ಒಪ್ಪಿ ಎಲ್ಲರಿಗೂ ತಲಾ 25 ಲಕ್ಷವೆಂದು ತಿದ್ದಿತು. ತನ್ನ ಪಾಲು ಅರ್ಧವಾದದ್ದಕ್ಕೆ ಸಂತೋಷಪಡುವ ಗುಣ ಒಂದು ದಿನದಲ್ಲಿ ಬರುವಂಥದಲ್ಲ. 2021ರಲ್ಲಿ ಅವರು ಹಿರಿಯರ ತಂಡದ ಮುಖ್ಯ ತರಬೇತುದಾರರಾದರು.

ಅಲ್ಲಿಯೂ ಸೋಲು ಬೆನ್ನು ಬಿಡಲಿಲ್ಲ. 2022ರ ಟಿ-20 ವಿಶ್ವಕಪ್ಪಿನ ಉಪಾಂತ್ಯದಲ್ಲಿ ಹತ್ತು ವಿಕೆಟ್ಟುಗಳ ಸೋಲು. 2023ರ ಜೂನಿನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ಸೋಲು. ಅದೇ ವರ್ಷ ನವೆಂಬರ್ 19ರಂದು ಅಹಮದಾಬಾದಿನಲ್ಲಿ, ಸತತ ಹತ್ತು ಪಂದ್ಯಗಳನ್ನು ಗೆದ್ದು ಬಂದಿದ್ದ ಭಾರತ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಆಸ್ಟ್ರೇಲಿಯಕ್ಕೆ ಒಪ್ಪಿಸಿತು. ದ್ರಾವಿಡರ ಅವಧಿಯೂ ಆಗಲೇ ಮುಗಿಯಿತು. ಅವರು ಹೊರಟುಹೋಗಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಆ ಸೋಲಿನ ದಿನಗಳಲ್ಲಿಯೇ ನಾಯಕ ರೋಹಿತ್ ಶರ್ಮಾ ಅವರಿಗೆ ಫೋನು ಮಾಡಿ, ಇನ್ನು ಕೆಲವು ತಿಂಗಳು ಇರಬೇಕೆಂದು ಕೇಳಿಕೊಂಡರು. ಅವರು ಉಳಿದರು. ಮುಂದೆ ಬೀಳ್ಕೊಡುಗೆಯ ದಿನ ದ್ರಾವಿಡರು ವಿಶೇಷವಾಗಿ ನೆನೆದು ಕೃತಜ್ಞತೆ ಹೇಳಿದ್ದು ಆ ಒಂದು ಫೋನಿಗೆ.

2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಟಿ-20 ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆಯಿತು. ಹದಿನೇಳು ವರ್ಷಗಳ ಹಿಂದೆ ತಲೆ ತಗ್ಗಿಸಿ ಮರಳಿದ್ದ ಅದೇ ವೆಸ್ಟ್ ಇಂಡೀಸ್ ದ್ವೀಪಗಳು. ಆ ಪಂದ್ಯಕ್ಕೆ ಮುಂಚಿನ ಏಳು ಸರದಿಗಳಲ್ಲಿ ಒಟ್ಟು 75 ರನ್ ಮಾತ್ರ ಗಳಿಸಿದ್ದ ವಿರಾಟ್ ಕೊಹ್ಲಿಯವರನ್ನು ತಂಡ ಕೈಬಿಟ್ಟಿರಲಿಲ್ಲ. ಅಂದು ಒಂದೇ ಸರದಿಯಲ್ಲಿ ಅವರು 76 ಗಳಿಸಿದರು. ಭಾರತದ ಮೊತ್ತ 176. ದಕ್ಷಿಣ ಆಫ್ರಿಕ ಅದನ್ನು ಬೆನ್ನಟ್ಟಿ, ಕೊನೆಯ 30 ಎಸೆತಗಳಲ್ಲಿ 30 ರನ್ ಗಳಿಸಿದರೆ ಸಾಕು, ಕೈಯಲ್ಲಿ ಆರು ವಿಕೆಟ್ಟುಗಳಿವೆ ಎಂಬ ಹಂತಕ್ಕೆ ಬಂದಿತು. ಅಲ್ಲಿಂದ ಪಂದ್ಯ ಉಳಿಯುವುದೆಂದು ನಂಬಿದವರು ವಿರಳ. ಕೊನೆಯ ಓವರನ್ನು ಎಸೆದವರು ಹಾರ್ದಿಕ್ ಪಾಂಡ್ಯ; ಕೆಲವೇ ವಾರಗಳ ಹಿಂದೆ ಸ್ವದೇಶದ ಮೈದಾನಗಳಲ್ಲಿಯೇ ಪ್ರೇಕ್ಷಕರ ಕೂಗಾಟಕ್ಕೆ, ಗೇಲಿಗೆ ಗುರಿಯಾಗಿದ್ದ ಆಟಗಾರ. ಅವರ ಮೊದಲ ಎಸೆತದಲ್ಲಿಯೇ ಸೂರ್ಯಕುಮಾರ್ ಯಾದವ್ ಗೆರೆಯಂಚಿನಲ್ಲಿ ಹಿಡಿದ ಕ್ಯಾಚು ಪಂದ್ಯವನ್ನು ತಿರುಗಿಸಿತು. ಭಾರತ ಏಳು ರನ್ನುಗಳಿಂದ ಗೆದ್ದಿತು. ಕೊಹ್ಲಿ ಆ ಕಪ್ಪನ್ನು ತಂದು ದ್ರಾವಿಡರ ಕೈಗಿತ್ತರು. ಬಾಳಿನುದ್ದಕ್ಕೂ ಸಂಯಮದ ಪ್ರತಿರೂಪವೆನಿಸಿದ್ದ ಆ ಮನುಷ್ಯ ಅಂದು ಕಪ್ಪನ್ನೆತ್ತಿ ಎದೆ ಬಿರಿಯುವಂತೆ ಕೂಗಿದ್ದನ್ನು ಜಗತ್ತು ನೋಡಿತು. ಅದನ್ನು ನೋಡಿ ಕಣ್ಣೊರಸಿಕೊಂಡವರಲ್ಲಿ ಕ್ರಿಕೆಟ್ಟಿನ ನಿಯಮ ಸರಿಯಾಗಿ ತಿಳಿಯದವರೂ ಇದ್ದಿರಬೇಕು.

ಪತ್ರಿಕೆಗಳೆಲ್ಲ ಇದನ್ನು 2007ರ ಸೋಲಿನ ವಿಮೋಚನೆಯೆಂದು ವರ್ಣಿಸಿದವು. ಆದರೆ ದ್ರಾವಿಡರು ಸ್ವತಃ ಆ ಮಾತನ್ನು ಒಪ್ಪಿಕೊಳ್ಳಲಿಲ್ಲ. ತಾವು ಆ ರೀತಿ ಯೋಚಿಸುವವರಲ್ಲವೆಂದೂ, ಕಪ್ ಗೆಲ್ಲುವ ಭಾಗ್ಯ ದೊರೆಯದ ಆಟಗಾರರು ಇನ್ನೂ ಎಷ್ಟೋ ಜನ ಇದ್ದಾರೆಂದೂ ಅವರು ಹೇಳಿದರು. ಗೆಲುವಿನ ರಾತ್ರಿಯಲ್ಲಿ ಗೆಲ್ಲದವರನ್ನು ನೆನೆದ ಈ ಮಾತು ಆ ಕಪ್ಪಿಗಿಂತ ಬೆಲೆಯುಳ್ಳದ್ದು. ಸೂರ್ಯಕುಮಾರರ ಕ್ಯಾಚು ಕೈತಪ್ಪಿ ಅಂದಿನ ಪಂದ್ಯ ಸೋತಿದ್ದರೆ, ಹುಡುಗರನ್ನು ತಿದ್ದಿದ ವರ್ಷಗಳು ಸುಳ್ಳಾಗುತ್ತಿದ್ದವೇ? ಸಹಾಯಕರೊಡನೆ ಸಮನಾಗಿ ಹಂಚಿಕೊಂಡ ಗುಣ ಕುಂದುತ್ತಿತ್ತೇ? ಇಲ್ಲ. ಕಪ್ಪು ಆ ದುಡಿಮೆಗೆ ದೊರೆತ ಮನ್ನಣೆ ಮಾತ್ರ. ದುಡಿಮೆಯ ಬೆಲೆ ಕಪ್ಪಿನಿಂದ ಹುಟ್ಟಿದ್ದಲ್ಲ. ಆದ್ದರಿಂದ, ಕಷ್ಟಪಟ್ಟವನು ಕೊನೆಗೆ ಗೆದ್ದೇ ಗೆಲ್ಲುವನೆಂದು ಮಕ್ಕಳಿಗೆ ಕಲಿಸುವುದು ಸುಳ್ಳು ಕಲಿಸಿದಂತೆ. ಗೆದ್ದರೂ ಸೋತರೂ ನಡುವಿನ ವರ್ಷಗಳಲ್ಲಿ ಬಾಳಿದ ರೀತಿ ಅವನದಾಗಿಯೇ ಉಳಿಯುತ್ತದೆಂದು ಕಲಿಸುವುದು ಸತ್ಯ.

ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದಕ್ಕೂ ಕ್ರೀಡಾಲೋಕದಲ್ಲಿ ನಿದರ್ಶನವುಂಟು. 1950ರ ಫುಟ್‌ಬಾಲ್ ವಿಶ್ವಕಪ್ಪಿನ ಕೊನೆಯ ಪಂದ್ಯ ಬ್ರೆಜಿಲಿನ ಮರಕಾನಾ ಮೈದಾನದಲ್ಲಿ ನಡೆಯಿತು. ಸಮಬಲವಾದರೂ ಸಾಕು, ಕಪ್ಪು ಬ್ರೆಜಿಲಿಗೆ ದೊರೆಯುವುದಿತ್ತು. ಉರುಗ್ವೆ 2-1ರಿಂದ ಗೆದ್ದಿತು. ಆ ಎರಡನೆಯ ಗೋಲಿನ ಹೊಣೆಯನ್ನು ಜನ ಗೋಲು ಕಾಯುತ್ತಿದ್ದ ಮೋಅಸಿರ್ ಬಾರ್ಬೋಸ ಅವರ ಮೇಲೆ ಹೊರಿಸಿದರು. ಆ ಕಾಲದ ಶ್ರೇಷ್ಠ ಗೋಲ್‌ಕೀಪರುಗಳಲ್ಲಿ ಒಬ್ಬರಾಗಿದ್ದ ಅವರನ್ನು ಒಂದು ಗಳಿಗೆಯ ತಪ್ಪಿಗಾಗಿ ಅರ್ಧ ಶತಮಾನ ಕಾಲ ದೂಷಿಸಲಾಯಿತು. 1993ರಲ್ಲಿ, ಮುಪ್ಪಿನಲ್ಲಿ, ದೇಶದ ತಂಡದ ಶಿಬಿರಕ್ಕೆ ಆಟಗಾರರನ್ನು ಕಾಣಲು ಹೋದಾಗ ಅಪಶಕುನವೆಂದು ಅವರನ್ನು ಒಳಗೆ ಬಿಡಲಿಲ್ಲವೆಂದು ವರದಿಯಾಗಿದೆ. 2000ದಲ್ಲಿ ಅವರು ತೀರಿಕೊಂಡರು. ಬ್ರೆಜಿಲ್ ಆ ಹೊತ್ತಿಗೆ ನಾಲ್ಕು ಸಲ ವಿಶ್ವಕಪ್ ಗೆದ್ದಿತ್ತು. ದೇಶಕ್ಕೆ ವಿಮೋಚನೆಯಾಗಿತ್ತು, ಬಾರ್ಬೋಸರಿಗೆ ಆಗಲಿಲ್ಲ. ಅವರಲ್ಲಿ ಶ್ರಮದ ಕೊರತೆಯಿರಲಿಲ್ಲ. ಎರಡನೆಯ ಸರದಿ ಕೊಡುವ ಮನಸ್ಸು ಜನರಲ್ಲಿರಲಿಲ್ಲ.

ಸುರೇಬಾನದವರಿಗೆ ಕಾಯುವುದರ ಅರ್ಥವನ್ನು ದೂರದಿಂದ ತಂದು ಹೇಳಬೇಕಾಗಿಲ್ಲ. ಊರಿನ ಸಮೀಪದಲ್ಲಿಯೇ ಶಬರಿಕೊಳ್ಳವಿದೆ. ರಾಮನು ಬರುವನೆಂದು ಶಬರಿ ಕಾದದ್ದು ಅಲ್ಲಿಯೇ ಎಂಬುದು ಈ ಭಾಗದ ಜನರ ನಂಬಿಕೆ. ಶಬರಿ ಕೈಕಟ್ಟಿ ಕುಳಿತು ಕಾಯಲಿಲ್ಲ. ದಿನವೂ ದಾರಿ ಗುಡಿಸಿದಳು, ದಿನವೂ ಹಣ್ಣು ಆಯ್ದಳು. ಅತಿಥಿ ಬಾರದ ದಿನಗಳಲ್ಲಿಯೂ ದಾರಿ ಹಸನಾಗಿತ್ತು. ಕಾಯುವಿಕೆ ಕೆಲಸವಾದಾಗ ಮಾತ್ರ ಅದು ಕಾಯುವಿಕೆ, ಇಲ್ಲವಾದರೆ ಸೋಮಾರಿತನ.

ಈಗ ಶಾಲೆಯ ಮಾತು. ಪ್ರತಿ ವರ್ಷ ಎಸ್. ಎಸ್. ಎಲ್. ಸಿ. ಫಲಿತಾಂಶ ಬಂದ ದಿನ ನಾಡಿನ ಪ್ರತಿಯೊಂದು ಪ್ರೌಢಶಾಲೆಯಲ್ಲಿ ಎರಡು ಬಗೆಯ ಮನೆಗಳಿರುತ್ತವೆ. ಒಂದರಲ್ಲಿ ಪೇಡೆ ಹಂಚುತ್ತಾರೆ. ಇನ್ನೊಂದರಲ್ಲಿ ದೀಪ ಹಚ್ಚುವುದನ್ನೂ ಮರೆಯುತ್ತಾರೆ. ಪ್ರಥಮ ಶ್ರೇಣಿಯಲ್ಲಿ ಪಾಸಾದವರ ಭಾವಚಿತ್ರಗಳು ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗುತ್ತವೆ. ನಪಾಸಾದವರ ಹೆಸರು ಹಾಜರಿ ಪುಸ್ತಕದಿಂದಲೂ ಅಳಿದುಹೋಗುತ್ತದೆ. ಕೆಟ್ಟು ಪಟ್ಟಣ ಸೇರು ಎಂಬ ಗಾದೆಯಂತೆ ಹುಡುಗನು ಗೋವೆಯ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯುವ ಗ್ಯಾಂಗಿಗೋ ಹೋಗುತ್ತಾನೆ. ಹುಡುಗಿಯ ವಿಷಯದಲ್ಲಿ ಅಷ್ಟೂ ತಡವಾಗುವುದಿಲ್ಲ; ಮದುವೆಯ ಮಾತು ಆರಂಭವಾಗುತ್ತದೆ. ಹದಿನಾರನೆಯ ವಯಸ್ಸಿನ ಒಂದು ಪರೀಕ್ಷೆಯ ಒಂದು ವಿಷಯದಲ್ಲಿ ಕೆಲವು ಅಂಕಗಳು ಕಡಿಮೆಯಾದದ್ದಕ್ಕೆ ಇಡೀ ಬಾಳಿನ ದಿಕ್ಕು ತಿರುಗಿಬಿಡುತ್ತದೆ. ವಿಶ್ವನಾಥರ ಮೊದಲ ಸರದಿಯ ಸೊನ್ನೆಗೂ ಈ ನಪಾಸಿಗೂ ಭೇದವಿರುವುದು ಒಂದರಲ್ಲಿಯೇ: ಅವರಿಗೆ ಎರಡನೆಯ ಸರದಿ ಅದೇ ಪಂದ್ಯದಲ್ಲಿ ಇತ್ತು, ಮತ್ತು ಹೆಗಲ ಮೇಲೆ ಕೈಯಿಡುವ ಒಬ್ಬ ನಾಯಕನಿದ್ದನು.

2024ರಲ್ಲಿ ಸರ್ಕಾರ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶವನ್ನು ಜಾರಿಗೆ ತಂದಿತು. ಆದರೆ ಕಾನೂನು ಬಾಗಿಲನ್ನು ತೆರೆಯಬಲ್ಲದೇ ಹೊರತು ಮಗುವಿನ ಕೈಹಿಡಿದು ಒಳಗೆ ಕರೆತರಲಾರದು. ಅದು ಶಿಕ್ಷಕರ ಕೆಲಸ. ನಪಾಸಾದ ಹುಡುಗನು ನಾಚಿಕೆಯಿಂದ ಶಾಲೆಯ ಮುಂದಿನ ದಾರಿಯನ್ನೇ ಬಿಟ್ಟು ಸುತ್ತಿ ಹೋಗುತ್ತಾನೆ. ಶಿಕ್ಷಕನೇ ಅವನ ಮನೆಯ ಕಟ್ಟೆಗೆ ಹೋಗಿ ಕೂರಬೇಕಾಗುತ್ತದೆ. ರೋಹಿತ್ ಶರ್ಮಾ ಮಾಡಿದ ಫೋನಿಗೆ ಹಣ ಖರ್ಚಾದದ್ದು ಅತ್ಯಲ್ಪ. ಶಿಕ್ಷಕನ ಆ ಒಂದು ಭೇಟಿಗೂ ಖರ್ಚು ಅಷ್ಟೇ.

ಹೀಗೆ ಹೇಳುವುದು ಜಾಣ ವಿದ್ಯಾರ್ಥಿಗಳ ಮನ್ನಣೆಯನ್ನು ಕಡಿಮೆ ಮಾಡಬೇಕೆಂಬ ಅರ್ಥದಲ್ಲಿ ಅಲ್ಲ. ಸೋತವರನ್ನೆಲ್ಲ ಮುದ್ದಿಸಿದರೆ ದುಡಿದವರಿಗೆ ಅನ್ಯಾಯವಾಗುವುದೆಂಬ ಆಕ್ಷೇಪಣೆಯಲ್ಲಿಯೂ ಹುರುಳಿದೆ. ದುಡಿಯದವನಿಗೆ ಎಷ್ಟು ಸರದಿ ಕೊಟ್ಟರೂ ಫಲವಿಲ್ಲ. ಚಂದ್ರಶೇಖರರನ್ನು ಮರಳಿ ಕರೆದದ್ದು ಕನಿಕರದಿಂದಲ್ಲ, ಆ ಮಣಿಕಟ್ಟಿನಲ್ಲಿ ಇನ್ನೂ ಕಸುವಿದೆ ಎಂಬ ನಂಬಿಕೆಯಿಂದ. ಕನಿಕರ ಬೇರೆ, ನಂಬಿಕೆ ಬೇರೆ. ಶಾಲೆ ಕೊಡಬೇಕಾದದ್ದು ನಂಬಿಕೆಯನ್ನು; ಮತ್ತು ನಂಬಿಕೆಯೆಂದರೆ ಹಿಂದಿಗಿಂತ ಹೆಚ್ಚಿನ ದುಡಿಮೆಯನ್ನು ಕೇಳುವುದು ಎಂದೇ ಅರ್ಥ.

ದಾನಿಗಳಿಗೂ ಇಲ್ಲಿ ಒಂದು ಕೆಲಸವಿದೆ. ಶಾಲೆಗಳ ದತ್ತಿ ಬಹುಮಾನಗಳ ಪಟ್ಟಿಯನ್ನು ನೋಡಿದರೆ ಗಣಿತದಲ್ಲಿ ಪ್ರಥಮ, ಕನ್ನಡದಲ್ಲಿ ಪ್ರಥಮ, ಶಾಲೆಗೆ ಪ್ರಥಮ ಎಂಬ ಸಾಲುಗಳೇ ಕಾಣುತ್ತವೆ. ಒಂದು ದತ್ತಿಯಾದರೂ, ಒಮ್ಮೆ ನಪಾಸಾಗಿ ಮರಳಿ ಓದಿ ಪಾಸಾದ ವಿದ್ಯಾರ್ಥಿಗೆ ಮೀಸಲಾಗಿರಬೇಡವೇ? ಅದರ ಮೊತ್ತ ದೊಡ್ಡದಿರಬೇಕಾಗಿಲ್ಲ. ವಾರ್ಷಿಕೋತ್ಸವದ ವೇದಿಕೆಯ ಮೇಲೆ, ಪ್ರಥಮ ಬಂದವರ ಸಾಲಿನಲ್ಲಿಯೇ ಆ ಹೆಸರನ್ನೂ ಕರೆದರೆ ಸಾಕು. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ತಾಯಿಯೊಬ್ಬಳಿಗೆ ಅದರ ಬೆಲೆ ತಿಳಿಯುತ್ತದೆ. ಹಳೆಯ ವಿದ್ಯಾರ್ಥಿಗಳು ಅದೇ ವೇದಿಕೆಗೆ ಅತಿಥಿಗಳಾಗಿ ಬಂದಾಗ ತಮ್ಮ ಹುದ್ದೆ, ಪ್ರಶಸ್ತಿಗಳ ಜೊತೆಗೆ ತಾವು ಯಾವ ವಿಷಯದಲ್ಲಿ ನಪಾಸಾಗಿದ್ದರು, ಅಂದು ಯಾರು ಮನೆಯವರೆಗೆ ಬಂದು ಕರೆದರು ಎಂಬುದನ್ನೂ ಹೇಳಿದರೆ ಮಕ್ಕಳು ಕಿವಿಗೊಟ್ಟು ಕೇಳುವರು.

ಮುಂದಿನ ವರ್ಷವೂ ಜಾತ್ರೆ ಬರುತ್ತದೆ, ಕಣ ಹದವಾಗುತ್ತದೆ, ಹಲಗೆ ಬಾರಿಸುತ್ತದೆ. ಈ ವರ್ಷ ಬೆನ್ನಿಗೆ ಮಣ್ಣು ತಾಗಿಸಿಕೊಂಡವನು ಅಂದು ಮರಳಿ ಕಣಕ್ಕಿಳಿಯುವನೋ ಇಲ್ಲವೋ ಎಂಬುದು ಅವನ ತೋಳಿನ ಬಲವೊಂದನ್ನೇ ಅವಲಂಬಿಸಿಲ್ಲ. ಸೋತ ದಿನದ ಮರುದಿನ ಬೆಳಗಿನ ಜಾವ ಗರಡಿಮನೆಯ ಬಾಗಿಲನ್ನು ಯಾರು ತೆರೆದಿಟ್ಟಿದ್ದರು ಎಂಬುದನ್ನೂ ಅದು ಅವಲಂಬಿಸಿದೆ.